ಮಗು ಈಗ ಯಾರ ಹತ್ತಿರ ಇದೆ?

ಒಂಟಿ ತಾಯಿಯೊಬ್ಬಳ ಬಗ್ಗೆ ನಗುನಗುತ್ತಾ ಓದಿಸಿಕೊಂಡು ಹೋಗುವ ಕಾದಂಬರಿ ಬರೆಯಬೇಕು ಅನ್ನಿಸಿದಾಗ, ಕಥೆ ಕಟ್ಟುವುದಕ್ಕೂ ಮೊದಲು ನಾನು ಒಂದು ವೇಳಾಪಟ್ಟಿ ಹಾಕಿಕೊಂಡೆ. ನಾಯಕಿಗೆ ಆರು ವರ್ಷದ ಮಗಳು. ಆ ವಯಸ್ಸಿನ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಶಾಲೆ, ಕಚೇರಿ, ಅಡುಗೆ, ಸ್ನಾನ, ಮನೆಪಾಠ ಎಲ್ಲ ಕಳೆದರೆ ಅಮ್ಮನಿಗೆ ತನ್ನದೆನ್ನುವ ಹೊತ್ತು ಸಿಗುವುದು ಮಗಳು ಮಲಗಿದ ಮೇಲೆ. ಆಗಲೂ ಅವಳು ಮನೆ ಬಿಟ್ಟು ಕದಲುವಂತಿಲ್ಲ. ಆ ಪಟ್ಟಿಯನ್ನು ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡೆ. ಪ್ರತಿ ದೃಶ್ಯಕ್ಕೂ ಮುಂಚೆ ಅದನ್ನು ನೋಡಿ ಕೇಳಿಕೊಳ್ಳುತ್ತಿದ್ದೆ: ಮಗು ಈಗ ಯಾರ ಹತ್ತಿರ ಇದೆ?

ದೊಡ್ಡವರು ಇಬ್ಬರಿರುವ ಮನೆಯ ಕಥೆಯಲ್ಲಿ ಈ ಪ್ರಶ್ನೆ ಮರೆತರೂ ನಡೆಯುತ್ತದೆ. ಮಗು ಒಳಗೆ ಆಡುತ್ತಿತ್ತು ಅಂದರೆ ಓದುಗರು ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಒಬ್ಬಳೇ ತಾಯಿಯಾದರೆ ಹಾಗಲ್ಲ. ಸಂಜೆ ಮೀಟಿಂಗ್ ಇರಲಿ, ಹಲ್ಲು ಕೀಳಿಸುವುದಿರಲಿ, ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಅಳುವುದಿರಲಿ, ಮೊದಲು ಯಾರಿಗಾದರೂ ಫೋನ್ ಮಾಡಬೇಕು. ಆ ಫೋನ್ ಎತ್ತಿಕೊಳ್ಳುವವಳಾಗಿ ನನ್ನ ಕಥೆಯೊಳಗೆ ಗೆಳತಿ ಬಂದಳು. ಆಮೇಲೆ ಇನ್ನೊಬ್ಬಳು ಬೇಕಾಯಿತು, ಏಕೆಂದರೆ ಮೊದಲನೆಯವಳೂ ಕೆಲಸಕ್ಕೆ ಹೋಗುವವಳೇ.

ನಾಯಕಿ ಒಂಟಿಯಾದದ್ದು ಹೇಗೆ ಅನ್ನುವುದನ್ನು ಎರಡು ಪ್ಯಾರಾದಲ್ಲಿ ಮುಗಿಸಿದೆ. ಜಗತ್ತಿನಲ್ಲಿ ತಂದೆ ಅಥವಾ ತಾಯಿ ಒಬ್ಬರೇ ಇದ್ದು ಮಕ್ಕಳನ್ನು ಸಾಕುವ ಮನೆಗಳಲ್ಲಿ ನೂರಕ್ಕೆ 84ರಷ್ಟು ತಾಯಂದಿರವು ಎಂದು ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2019ರ ವರದಿ ಹೇಳುತ್ತದೆ. ಅಂಥ ತಾಯಂದಿರು 10 ಕೋಟಿಗೂ ಹೆಚ್ಚು. ಗಂಡ ತೀರಿಕೊಂಡವರು, ವಿಚ್ಛೇದನ ಪಡೆದವರು, ಮದುವೆಯೇ ಬೇಡವೆಂದು ಮಗುವನ್ನು ಬಯಸಿದವರು ಎಲ್ಲರೂ ಅವರಲ್ಲಿದ್ದಾರೆ. ಬಂದ ದಾರಿ ಬೇರೆಯಾದರೂ ಬೆಳಗ್ಗೆ ಎಂಟು ಗಂಟೆಯ ಗಡಿಬಿಡಿ ಎಲ್ಲರಿಗೂ ಒಂದೇ, ನನಗೆ ಬೇಕಿದ್ದದ್ದು ಆ ಎಂಟು ಗಂಟೆ. ಬಿಟ್ಟುಹೋದವನ ಬಗ್ಗೆ ಬರೆಯುತ್ತಾ ಹೋದರೆ ಪುಸ್ತಕ ಅವನದಾಗಿಬಿಡುತ್ತದೆ.

ನಡುವಿನ ಭಾಗಕ್ಕೆ ಚಿಕನ್‌ಪಾಕ್ಸ್ ತಂದೆ. ಈ ಕಾಯಿಲೆಯ ಸ್ವಭಾವದಲ್ಲೇ ಒಂದು ಕಥಾಹಂದರವಿದೆ. ಗುಳ್ಳೆ ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗುತ್ತದೆ, ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತದೆ. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ತಗುಲಿದವರಲ್ಲಿ ಕಾಣಿಸಿಕೊಳ್ಳಲು 10ರಿಂದ 21 ದಿನ ಬೇಕು. ಇದನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ. ಮಗಳಿಗೆ ಗುಳ್ಳೆ ಎದ್ದ ದಿನ, ಚಿಕ್ಕಂದಿನಲ್ಲೇ ಬಂದುಹೋಗಿದ್ದ ಗೆಳತಿ ಬಟ್ಟೆಬರೆ ಸಮೇತ ಬಂದು ಉಳಿಯುತ್ತಾಳೆ. ಇನ್ನೊಬ್ಬಳಿಗೆ ತನಗೆ ಬಂದಿತ್ತೋ ಇಲ್ಲವೋ ನೆನಪಿಲ್ಲ. ಅವಳು ತಾಯಿಗೆ ಫೋನ್ ಮಾಡುತ್ತಾಳೆ. ತಾಯಿಯೋ, "ನಿಂಗೆ ಬಂದಿತ್ತು ಕಣೇ... ಇಲ್ಲ ಇಲ್ಲ, ಅದು ನಿಮ್ಮಕ್ಕಂಗೆ. ನಿಂಗೆ ಬಂದಿದ್ದು ದಡಾರ" ಅನ್ನುತ್ತಾರೆ. ಅಷ್ಟರಲ್ಲಿ ಹೊತ್ತು ಮೀರಿದೆ, ಹಿಂದಿನ ಸಂಜೆಯೇ ಅವಳು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಥೆ ಹೇಳಿದ್ದಾಳೆ.

ಎರಡು ವಾರ ಕಳೆದು ಅವಳ ಮೈಮೇಲೂ ಗುಳ್ಳೆ ಏಳುತ್ತದೆ. ದೊಡ್ಡವರಿಗೆ ಈ ಕಾಯಿಲೆ ಹೆಚ್ಚು ಕಾಡುತ್ತದೆ, ಆದ್ದರಿಂದ ವೈದ್ಯರ ಭೇಟಿಯನ್ನು ಗಂಭೀರವಾಗಿಯೇ ಬರೆದೆ, ಅಲ್ಲಿ ನಗು ಬೆರೆಸಲಿಲ್ಲ. ನಗು ಬರುವುದು ಮನೆಗೆ ಬಂದ ಮೇಲೆ. ಈಗ ನೋಡಿಕೊಳ್ಳುವ ಸರದಿ ತಾಯಿ ಮಗಳದು. ಮಗಳು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಕೆರ್ಕೋಬಾರ್ದು ಆಂಟಿ, ಗುರುತು ಉಳಿಯುತ್ತೆ. ನಾನು ಅಳ್ತಾ ಇದ್ದೆ, ಆದ್ರೂ ಕೆರ್ಕೊಳ್ಳಲಿಲ್ಲ" ಎಂದು ಬುದ್ಧಿ ಹೇಳುತ್ತಾಳೆ. ಈ ಮಾತು ಬರೆದಾಗ ನನಗೆ ಪುಸ್ತಕದ ದನಿ ಸಿಕ್ಕಿತು. ಮಗುವನ್ನು ಮುದ್ದಾಗಿ ಮಾತಾಡಿಸಲು ಹೆಣಗಬೇಕಾಗಿಲ್ಲ, ಅದು ದೊಡ್ಡವರಿಂದ ಕೇಳಿದ್ದನ್ನೇ ಪೂರ್ತಿ ಶ್ರದ್ಧೆಯಿಂದ ಮರಳಿ ಹೇಳಿದರೆ ಸಾಕು.

ಗೆಳತಿಯರ ವಿಷಯದಲ್ಲಿ ನನಗೆ ಬಹಳ ನೆರವಾದದ್ದು ಬೆಕ್‌ಡೆಲ್ ಪರೀಕ್ಷೆ. 1985ರ ಒಂದು ಕಾಮಿಕ್ ಸ್ಟ್ರಿಪ್‌ನಿಂದ ಬಂದ ಅಳತೆ ಅದು: ಕಥೆಯಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಮಾತು ಗಂಡಸಿನ ಬಗ್ಗೆ ಅಲ್ಲದ್ದಾಗಿರಬೇಕು. ನಾನು ಅದಕ್ಕೆ ಇನ್ನೊಂದು ಸೇರಿಸಿಕೊಂಡೆ, ಮಾತು ಮಗುವಿನ ಬಗ್ಗೆಯೂ ಇರಬಾರದು. ಒಂಟಿ ತಾಯಿಯ ಕಥೆಯಲ್ಲಿ ಗಂಡಸು ಖಾಲಿ ಮಾಡಿದ ಜಾಗಕ್ಕೆ ಮಗು ಬಂದು ಕೂತುಬಿಡುತ್ತದೆ, ಗೆಳತಿಯರು ಪುಟಗಟ್ಟಲೆ ಜ್ವರ, ಟಿಫಿನ್ ಡಬ್ಬಿ, ಶಾಲೆಯ ಫೀಸನ್ನೇ ಮಾತಾಡುತ್ತಾರೆ. ಹಾಗಾಗಿ ಪ್ರತಿ ಅಧ್ಯಾಯದಲ್ಲಿ ಇಬ್ಬರಿಗೆ ಮಾತ್ರ ಸೇರಿದ ಒಂದು ಮಾತುಕತೆ ಇಟ್ಟೆ. ಒಬ್ಬಳಿಗೆ ಬಡ್ತಿಯ ಸಂದರ್ಶನದ ಹೆದರಿಕೆ. ಇನ್ನೊಬ್ಬಳಿಗೆ ನಲವತ್ತರ ಹತ್ತಿರ ಈಜು ಕಲಿಯುವ ಆಸೆ.

ಸಹಾಯದ ಲೆಕ್ಕವನ್ನೂ ಬರೆದಿಟ್ಟೆ, ಯಾರು ಯಾರಿಗೆ ಏನು ಮಾಡಿದರು ಎಂದು. ನಾಯಕಿ ಬರೀ ಪಡೆಯುತ್ತಾ ಹೋದರೆ ಗೆಳತಿ ಸಂಬಳವಿಲ್ಲದ ಆಯಾ ಆಗುತ್ತಾಳೆ, ಓದುಗರು ಅದನ್ನು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು. ಆ ಲೆಕ್ಕ ಒಂದು ಕಡೆ ವಾಲಿದಲ್ಲೇ ಜಗಳದ ದೃಶ್ಯ ಬಂತು. "ನೀನು ಫೋನ್ ಮಾಡಿದ್ರೆ ನಂಗೆ ಮೊದಲು ಗಡಿಯಾರ ನೋಡೋ ಹಾಗಾಗಿದೆ. ನನ್ನ ಇಂಟರ್‌ವ್ಯೂ ಯಾವತ್ತು, ಹೇಳು ನೋಡೋಣ?" ಅನ್ನುತ್ತಾಳೆ ಗೆಳತಿ. ನಾಯಕಿಗೆ ಗೊತ್ತಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದ ಅತಿ ಮುಖ್ಯ ಪುಟ ಇದು. ರಾಜಿಯನ್ನು ಅಪ್ಪುಗೆಯಿಂದ ಮಾಡಿಸಲಿಲ್ಲ. ಮಾರನೆಯ ದಿನ ತಾಯಿ ಮಗಳು ಗೆಳತಿಯ ಮನೆಗೆ ಹೋಗಿ ಅಣಕು ಸಂದರ್ಶನ ನಡೆಸುತ್ತಾರೆ. ಮಗಳೇ ಮುಖ್ಯ ಅಧಿಕಾರಿ. ಮುಂದಿನ ಹಲ್ಲು ಬಿದ್ದಿರುವುದರಿಂದ ಅವಳ ಪ್ರಶ್ನೆಗಳಲ್ಲಿ ಅರ್ಧ ಯಾರಿಗೂ ಅರ್ಥವಾಗುವುದಿಲ್ಲ, ಆದರೂ ಗೆಳತಿ ಉತ್ತರಿಸಲೇಬೇಕು.

ಕೊನೆಯಲ್ಲಿ ಮದುವೆ ಬರಲಿ ಎಂದು ಕರಡು ಓದಿದ ಕೆಲವರು ಆಸೆಪಟ್ಟರು. ನಾನು ಒಪ್ಪಲಿಲ್ಲ. ಮದುವೆ ತಂದರೆ ಅಲ್ಲಿಯವರೆಗೆ ಜೊತೆ ನಿಂತ ಗೆಳತಿಯರು ತಾತ್ಕಾಲಿಕ ಏರ್ಪಾಡಿನಂತೆ ಕಾಣುತ್ತಾರೆ. ಅದರ ಬದಲು ಗೆಳತಿಗೆ ಬಡ್ತಿ ಸಿಕ್ಕಿ ಬೇರೆ ಊರಿಗೆ ವರ್ಗವಾಗುತ್ತದೆ. ಎಲ್ಲರೂ ಸೇರಿ ಅವಳ ಸಾಮಾನು ಕಟ್ಟುತ್ತಾರೆ. ಮಗಳು ಪೆಟ್ಟಿಗೆಗಳ ಮೇಲೆ ತನಗೆ ಬಂದ ಕಾಗುಣಿತದಲ್ಲಿ ಹೆಸರು ಬರೆಯುತ್ತಾ ಕೂರುತ್ತಾಳೆ, ದೊಡ್ಡವರು ಒಂದು ಕುರ್ಚಿ ಯಾರದು ಎಂದು ಜಗಳವಾಡುತ್ತಾರೆ. ಆ ಕುರ್ಚಿಯ ಜಗಳವನ್ನು ಎರಡೂವರೆ ಪುಟ ಬರೆದೆ, ಒಂದು ಸಾಲೂ ಕಡಿಮೆ ಮಾಡಲಿಲ್ಲ.