57ರ ಫ್ರೇಮು, 84ರ ಕಾಲು

ನನ್ನದು 1980ರ ದಶಕದ ಇಟಲಿ ರೇಸ್ ಸೈಕಲ್ಲು, ಸ್ಟೀಲ್ ಫ್ರೇಮ್, ಅಳತೆ 57 ಸೆಂಟಿಮೀಟರ್. "ನಿನ್ನ ಹೈಟಿಗೆ 54 ಸಾಕು, ಇದನ್ನ ಗೋಡೆಗೆ ನೇತುಹಾಕು" ಅಂತ ಭಾನುವಾರ ಜೊತೆಗೆ ಸೈಕಲ್ ಹೊಡೆಯುವ ಗ್ಯಾಂಗು ನಗುತ್ತಿತ್ತು. ಈಗ ಅದರಲ್ಲೇ ನಂದಿ ಹತ್ತಿ ಬರುತ್ತೇನೆ, ಸೊಂಟ ಹಿಡಿಯಲ್ಲ.

ದುಡ್ಡು ಮಾತ್ರ ಸುಮಾರು ಕರಗಿತು. ಸೈಕಲ್ಲನ್ನ ಮೈಯಳತೆಗೆ ಹೊಂದಿಸುವ ಫಿಟ್ಟಿಂಗ್ ಮಾಡುವ ಒಂದು ಕಡೆ ಹತ್ತಿರ ಹತ್ತಿರ ಆರು ಸಾವಿರ ಕೊಟ್ಟೆ. ಹೊಸ ಕಾರ್ಬನ್ ಸೈಕಲ್ಲಿನ ಲೆಕ್ಕವನ್ನೇ ಇದಕ್ಕೂ ಹಾಕಿ ಸೀಟು ಮುಂದೆ ತಂದರು, ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಗಿಡ್ಡ ಮಾಡಿದರು. ಹೆಸರಘಟ್ಟ ಬರುವಷ್ಟರಲ್ಲಿ ಅಂಗೈ ಜೋಮು. ಆಮೇಲೆ ಅಡಾಪ್ಟರ್ ತರಿಸಿ ಈ ಕಾಲದ ಹೊಸ ಮಾದರಿ ಸ್ಟೆಮ್ ಕೂರಿಸಿದ್ದಕ್ಕೆ ಇನ್ನೊಂದು ಎರಡೂವರೆ ಸಾವಿರ. ನೋಡೋಕೂ ಅಸಹ್ಯ, ಕೈಗೂ ಸುಖವಿಲ್ಲ.

ಕೊನೆಗೆ ಎಲ್ಲ ಬಿಚ್ಚಿ ಸೀಟನ್ನ ಹಿಂದಕ್ಕೆ ತಳ್ಳಿದೆ. ಬ್ರೂಕ್ಸ್ ಕಂಪನಿಯ ಚರ್ಮದ ಸೀಟಿನ ಅಡಿಯ ಕಂಬಿ ಗಿಡ್ಡ, ಹಾಗಾಗಿ ತಲೆ ಹಿಂದಕ್ಕೆ ಚಾಚಿರುವ 27.2 ಮಿಲಿಮೀಟರ್ ದಪ್ಪದ ಸೀಟ್‌ಪೋಸ್ಟೇ (ಸೀಟು ಹೊರುವ ಕೊಳವೆ) ಬೇಕಾಯಿತು. ಎತ್ತರಕ್ಕೆ ರೇಸುಗಾರ ಗ್ರೆಗ್ ಲೆಮಾಂಡ್ ಹೆಸರಿನ ಸೂತ್ರ: ಕಾಲಿನ ಒಳಭಾಗದ ಉದ್ದವನ್ನ 0.883ರಿಂದ ಗುಣಿಸಿದರೆ, ಪೆಡಲ್ ಕಡ್ಡಿಗಳು ತಿರುಗುವ ನಡುವಿನಿಂದ ಸೀಟಿನ ಎತ್ತರ. ಕಾಲು 84 ಸೆಂಟಿಮೀಟರ್, ಸೀಟು 74. ಸೀಟ್‌ಪೋಸ್ಟ್ ಒಂದು ಹಿಡಿಯಷ್ಟೇ ಹೊರಗೆ ಕಾಣುತ್ತೆ. ಹಳೇ ರೇಸಿನ ಫೋಟೋಗಳಲ್ಲೂ ಹಾಗೇ ಅಲ್ವಾ? ಫ್ರೇಮ್ ದೊಡ್ಡದಾದ್ದರಿಂದ ಸ್ಟೆಮ್ಮನ್ನ ಅದರ ಮೇಲಿನ ಸುರಕ್ಷತೆಯ ಗೆರೆ ಮೀರಿ ಎತ್ತದೆಯೇ ಹ್ಯಾಂಡಲ್ ಸೀಟಿಗಿಂತ ಎರಡು ಬೆರಳು ಕೆಳಗೆ ನಿಂತಿತು. 54ರಲ್ಲಿ ಇದು ಆಗುತ್ತಿರಲಿಲ್ಲ. ಈಗ ಅರ್ಧ ದಾರಿ ಡ್ರಾಪ್ಸ್‌ನಲ್ಲೇ (ಹ್ಯಾಂಡಲ್ಲಿನ ಕೆಳಗೆ ಬಾಗಿದ ಭಾಗ) ಇರುತ್ತೇನೆ, ಹೊಟ್ಟೆ ಮಡಚಿಕೊಳ್ಳಲ್ಲ.

ಬ್ರೇಕ್ ಲಿವರಿಗೆ ಒಂದು ಸ್ಕೇಲು ಸಾಕು. ಡ್ರಾಪ್ಸ್‌ನ ತಳಕ್ಕೆ ಒತ್ತಿ ಹಿಡಿದರೆ ಲಿವರಿನ ತುದಿ ಅದಕ್ಕೆ ಮುಟ್ಟಬೇಕು. ಸೀಟಿನ ಮೂತಿ ಎಷ್ಟು ಎತ್ತಿದ್ದೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಒಂದಷ್ಟು ಆಟ. 26.4 ಮಿಲಿಮೀಟರಿನ ಸ್ಟೆಮ್ಮಿಗೆ 26ರ ಹ್ಯಾಂಡಲ್ ಸಿಕ್ಕಿತ್ತು, ಕೂಲ್‌ಡ್ರಿಂಕ್ ಕ್ಯಾನಿನ ತಗಡು ಸುತ್ತಿದೆ. ಆದರೂ ಕಿರಗುಟ್ಟಿತು, ತೆಗೆದೆ. ಹ್ಯಾಂಡಲ್ಲಿಗೆ ಸುತ್ತಿದ ಬಟ್ಟೆ ಟೇಪಿಗೆ ಬಡಗಿಗಳ ಅರಗಿನ ಪಾಲಿಶ್ ಹಚ್ಚಿದ್ದು ಮಾತ್ರ ಗೆದ್ದಿತು, ಮಳೆಗೂ ಜಗ್ಗಲಿಲ್ಲ. ಟೇಪಿನ ಕೆಳಗೆ ಹಳೇ ಟ್ಯೂಬಿನ ಪಟ್ಟಿ ಇಟ್ಟಿದ್ದೇನೆ.

ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಮಾತ್ರ ಕಷ್ಟ. ಗೇರಿನ ಲಿವರು ಫ್ರೇಮಿನ ಕೆಳಗಿನ ಪೈಪಿನ ಮೇಲಿರೋದರಿಂದ ಒಂದು ಕೈ ಬಿಡಲೇಬೇಕು. ಅಲ್ಲಿ ಫ್ಲೈಓವರ್ ದಾಟುವ ತನಕ ಒಂದೇ ಗೇರು.