ಅಟ್ಟದ ಮೇಲಿನ ಕಾಯಿ ಕಥೆಯಾಗುವುದು ಹೇಗೆ?

ಕಥೆ ಬರೆಯಬೇಕು ಅಂದುಕೊಂಡವರು ಸಾಮಾನ್ಯವಾಗಿ ಒಂದು ವಿಷಯ ಹಿಡಿದುಕೊಂಡು ಕೂರುತ್ತಾರೆ. ರೈತರ ಕಷ್ಟ, ತಾಯಿಯ ಪ್ರೀತಿ, ಹಳ್ಳಿ ಬಿಟ್ಟು ಪೇಟೆ ಸೇರಿದವರ ಒಂಟಿತನ. ಎರಡು ಪುಟ ಬರೆಯುವಷ್ಟರಲ್ಲಿ ಪೆನ್ನು ನಿಂತುಬಿಡುತ್ತದೆ. ನನಗೂ ಎಷ್ಟೋ ವರ್ಷ ಹೀಗೇ ಆಗುತ್ತಿತ್ತು. ವಿಷಯ ಇಟ್ಟುಕೊಂಡರೆ ಭಾಷಣ ಬರುತ್ತದೆ. ಕಥೆ ಬರಬೇಕಾದರೆ ಯಾರೋ ಒಬ್ಬರಿಗೆ ಏನೋ ಒಂದು ಬೇಕಾಗಿರಬೇಕು, ಅದು ಸುಲಭಕ್ಕೆ ಸಿಗಬಾರದು.

ಪಾತ್ರ, ಜಾಗ, ಕಥೆಯ ಓಟ. ಈ ಮೂರನ್ನು ಮೂರು ಪಾಠವಾಗಿ ಹೇಳಿಕೊಡುವುದು ರೂಢಿ. ಬರೆಯಲು ಕೂತರೆ ಇವು ಹಾಗೆ ಬಿಡಿಬಿಡಿಯಾಗಿ ಬರುವುದೇ ಇಲ್ಲ. ಪ್ರತಿ ಊರಿನ ಕೆಲಸಕ್ಕೂ ಅದರದೇ ಒಂದು ಕಾಲ ಇರುತ್ತದೆ. ಆ ಕಾಲಕ್ಕೂ ಒಬ್ಬರ ಆಸೆಗೂ ತಿಕ್ಕಾಟ ಶುರುವಾದರೆ ಕಥೆ ತಾನಾಗೇ ಮುಂದೆ ಹೋಗುತ್ತದೆ. ಬಾಯಲ್ಲಿ ಹೇಳಿದರೆ ಇದು ಅರ್ಥವಾಗುವುದು ಕಷ್ಟ. ಒಂದು ಕಥೆಯನ್ನೇ ಬುಡದಿಂದ ಕಟ್ಟಿ ನೋಡೋಣ. ಜಾಗ, ತಿಪಟೂರು ಸೀಮೆಯ ಒಂದು ಹಳ್ಳಿ.

ಮೊದಲು ಒಬ್ಬರನ್ನು ಹಿಡಿಯಿರಿ

ರಂಗಮ್ಮ ಅಂತ ಒಬ್ಬಳು. ವಯಸ್ಸು 60ರ ಹತ್ತಿರ. ಗಂಡ ತೀರಿಕೊಂಡು ಒಂಬತ್ತು ತಿಂಗಳಾಗಿದೆ. ಮಗ ಲೋಕೇಶ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಇಬ್ಬರೂ ನಾವು ಕಥೆಗೆಂದು ಕಲ್ಪಿಸಿಕೊಂಡವರು.

ಇಷ್ಟು ಬರೆದ ತಕ್ಷಣ ಮುಖದ ವರ್ಣನೆಗೆ ಇಳಿಯಬೇಡಿ. ಸುಕ್ಕುಗಟ್ಟಿದ ಕೆನ್ನೆ, ನರೆತ ಕೂದಲು, ಕರುಣೆ ತುಂಬಿದ ಕಣ್ಣು ಅಂತ ಬರೆದರೆ ಯಾವ ಓದುಗರಿಗೂ ರಂಗಮ್ಮ ಕಾಣುವುದಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ನಾಲ್ಕು ಪ್ರಶ್ನೆ ಬರೆದುಕೊಳ್ಳುತ್ತೇನೆ. ಈ ವಾರ ಇವಳಿಗೆ ಏನು ಬೇಕು? ಯಾಕೆ ಬೇಕು ಅಂತ ಬೇರೆಯವರ ಹತ್ತಿರ ಹೇಳುತ್ತಾಳೆ? ನಿಜವಾಗಿ ಯಾಕೆ ಬೇಕು? ಅದಕ್ಕಾಗಿ ಎಂಥ ಸುಳ್ಳು ಹೇಳಿಯಾಳು?

‘ಈ ವಾರ’ ಅನ್ನುವ ಮಾತನ್ನು ಬಿಡಬೇಡಿ. ‘ಅವಳಿಗೆ ನೆಮ್ಮದಿ ಬೇಕು’ ಅಂತ ಬರೆದುಕೊಂಡರೆ ಮುಂದಿನ ಸಾಲು ಹುಟ್ಟುವುದಿಲ್ಲ. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುವೇ ಬೇಕು. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಒಂದೇ ಒಂದು ಹುಂಜ. ಅದರ ಹಿಂದೆ ಹೋದ ನಮಗೆ ಇಡೀ ಮನೆಯ ಹಸಿವು ಕಾಣುತ್ತದೆ.

ರಂಗಮ್ಮನಿಗೆ ಬೇಕಾದದ್ದು ಇಷ್ಟು: ಅಟ್ಟದ ಮೇಲಿರುವ ತೆಂಗಿನಕಾಯಿಗಳನ್ನು ಯಾರೂ ಇಳಿಸಬಾರದು. ಅವಳು ಹೇಳುವ ಕಾರಣ, ಇನ್ನೂ ಒಣಗಿಲ್ಲ ಅಂತ. ನಿಜವಾದ ಕಾರಣ ಬೇರೆ. ಆ ಕಾಯಿಗಳನ್ನು ಅಟ್ಟಕ್ಕೆ ಏರಿಸಿದ್ದು ಗಂಡ. ಅದಾಗಿ ಎರಡು ತಿಂಗಳಿಗೆ ಅವನು ಹೋಗಿಬಿಟ್ಟ. ಆ ರಾಶಿ ಇಳಿದರೆ ಅವನು ಮಾಡಿಟ್ಟ ಕೊನೆಯ ಕೆಲಸವೂ ಮನೆಯಿಂದ ಹೋದ ಹಾಗೆ. ಇದನ್ನು ಅವಳು ಯಾರಿಗೂ ಹೇಳುವುದಿಲ್ಲ. ಬರೆಯುವ ನಾವೂ ಕಥೆಯೊಳಗೆ ಹೇಳಬಾರದು.

ಲೋಕೇಶನಿಗೂ ಇವೇ ನಾಲ್ಕು ಪ್ರಶ್ನೆ ಕೇಳಿ. ಅವನಿಗೆ ಕಾಯಿ ಮಾರಬೇಕು. ಇಲಿ ತಿಂದು ಹಾಳು ಮಾಡುತ್ತವೆ ಅನ್ನುತ್ತಾನೆ. ನಿಜ ಏನೆಂದರೆ ಕಾರಿನ ಸಾಲದ ಎರಡು ಕಂತು ಕಟ್ಟಿಲ್ಲ, ಇನ್ನೊಂದು ತಪ್ಪಿದರೆ ಕಾರು ಎಳೆದುಕೊಂಡು ಹೋಗುತ್ತಾರೆ. ತಾಯಿಗೆ ಗೊತ್ತಾಗುವುದು ಅವನಿಗೆ ಬೇಡ. ಅವನನ್ನು ಬರೀ ದುಡ್ಡಿನಾಸೆಯ ಮಗ ಅಂತ ಮಾಡಿದರೆ ಕಥೆ ಅಲ್ಲಿಗೇ ಸತ್ತುಹೋಗುತ್ತದೆ. ಅವನ ಮಾತು ಓದುವಾಗ ಅವನೇ ಸರಿ ಅನ್ನಿಸಬೇಕು, ಅವಳ ಮಾತು ಓದುವಾಗ ಅವಳೇ ಸರಿ ಅನ್ನಿಸಬೇಕು.

ಊರಿನ ಗಡಿಯಾರ ಹುಡುಕಿ

ಜಾಗದ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹೊಸದಾಗಿ ಬರೆಯುವವರು ಹೆಚ್ಚು ಎಡವುವುದು ಇಲ್ಲೇ.

‘ಹಚ್ಚ ಹಸಿರಿನ ಸುಂದರ ಹಳ್ಳಿ’ ಅಂತ ಶುರುವಾಗುವ ಕಥೆಯನ್ನು ಕೊಡಗಿನಲ್ಲೂ ಇಡಬಹುದು, ಮಂಡ್ಯದಲ್ಲೂ ಇಡಬಹುದು. ಹಾಗಿದ್ದರೆ ಅದು ಯಾವ ಊರಿನ ಕಥೆಯೂ ಅಲ್ಲ. ನನ್ನ ಮೊದಲ ಕಥೆ ಒಂದು ಪತ್ರಿಕೆಯಿಂದ ವಾಪಸ್ ಬಂದಾಗ ಅದರಲ್ಲಿ ಹೊಳೆ, ಗದ್ದೆ, ಗುಡಿ ಎಲ್ಲ ಇದ್ದವು. ಜನ ಬೆಳಿಗ್ಗೆ ಎದ್ದು ಏನು ಕೆಲಸ ಮಾಡುತ್ತಾರೆ ಅನ್ನುವುದು ಮಾತ್ರ ಇರಲಿಲ್ಲ. ಆಮೇಲಿನಿಂದ ಒಂದು ಊರನ್ನು ಬರೆಯುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ: ಇಲ್ಲಿನ ಕೆಲಸ ಎಷ್ಟು ದಿನ ಕಾಯುತ್ತದೆ?

ಮಂಡ್ಯದ ಕಬ್ಬು ಕಡಿದ ಮೇಲೆ ಕಾಯುವುದಿಲ್ಲ. ಗಾಣಕ್ಕೋ ಕಾರ್ಖಾನೆಗೋ ಬೇಗ ಹೋಗಬೇಕು, ತಡವಾದಷ್ಟೂ ತೂಕ ಇಳಿಯುತ್ತದೆ. ರಾಮನಗರದ ರೇಷ್ಮೆಗೂಡಿನೊಳಗೆ ಚಿಟ್ಟೆ ಬೆಳೆಯುತ್ತಿರುತ್ತದೆ. ಅದು ಗೂಡು ತೂತು ಮಾಡಿಕೊಂಡು ಹೊರಬಂದರೆ ತುಂಡಾಗದ ಒಂದೇ ಎಳೆ ಸಿಗುವುದಿಲ್ಲ, ಹಾಗಾಗಿ ಮಾರುವವರಿಗೆ ಕೆಲವೇ ದಿನ. ಕೋಲಾರದ ಟೊಮೆಟೊಗೆ ಅಷ್ಟೂ ತಾಳ್ಮೆ ಇಲ್ಲ. ಒಂದೊಂದು ಊರಿನಲ್ಲೂ ಜನರ ಜಗಳ, ಸಾಲ, ಮದುವೆಯ ಮುಹೂರ್ತ ಎಲ್ಲ ಈ ಗಡಿಯಾರಕ್ಕೆ ಕಟ್ಟಿಕೊಂಡಿರುತ್ತವೆ.

ತಿಪಟೂರಿನ ಗಡಿಯಾರ ನಿಧಾನ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ನೆರಳಿನಲ್ಲಿ ಪೇರಿಸಿಡುತ್ತಾರೆ. 8ರಿಂದ 12 ತಿಂಗಳು ಅದು ಹಾಗೇ ಇರಬೇಕು. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಗೆ ನಿಲ್ಲುತ್ತದೆ. ಎಣ್ಣೆ ತೆಗೆಯುವ ಕೊಬ್ಬರಿ ಹೀಗಲ್ಲ, ಅದಕ್ಕೆ ಕಾಯಿಯನ್ನು ಎರಡು ಹೋಳು ಮಾಡಿ ಬಿಸಿಲಿಗೋ ಶಾಖಕ್ಕೋ ಇಟ್ಟರೆ ಕೆಲವೇ ದಿನಗಳಲ್ಲಿ ಒಣಗುತ್ತದೆ. ಈ ಕಥೆಯ ಮೊದಲ ಕರಡಿನಲ್ಲಿ ನಾನು ರಂಗಮ್ಮನ ಕೈಲಿ ಅಂಗಳದಲ್ಲಿ ಹೋಳು ಹರವಿಸಿದ್ದೆ. ಆ ಕಡೆಯ ಹಿರಿಯರೊಬ್ಬರು ಓದಿ, ‘ಇದು ನಮ್ಮೂರಲ್ಲ’ ಅಂದರು. ಹೋಳು ಒಣಗಿಸುವ ಊರಿನಲ್ಲಿ ಈ ಕಥೆ ನಡೆಯಲು ಸಾಧ್ಯವೇ ಇಲ್ಲ. ಅಟ್ಟದ ಮೇಲೆ ಒಂದು ವರ್ಷ ಕಾಯುವ ಕಾಯಿ ಇದ್ದರೆ ಮಾತ್ರ, ಏರಿಸಿದವನು ಹೋದ ಮೇಲೂ ಅವನ ಕೆಲಸ ತಲೆಯ ಮೇಲೆ ಉಳಿದಿರುತ್ತದೆ.

ಈಗ ರಂಗಮ್ಮನ ಸುಳ್ಳಿಗೆ ಬರೋಣ. ಕಾಯಿ ಒಣಗಿದೆಯೋ ಇಲ್ಲವೋ ಅಂತ ನೋಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ಎತ್ತಿಕೊಂಡು ಅಲುಗಾಡಿಸಬೇಕು. ನೀರಿದ್ದರೆ ಕುಲುಕುವ ಸದ್ದು. ಒಣಗಿದ್ದರೆ ಒಳಗಿನ ಉಂಡೆ ಚಿಪ್ಪಿಗೆ ಬಡಿದು ಗಡಗಡ ಅನ್ನುತ್ತದೆ. ರಂಗಮ್ಮ ಏಣಿ ಹತ್ತುತ್ತಾಳೆ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿಯುತ್ತಾಳೆ. ಗಡಗಡ. ಕೆಳಗೆ ಮಗ ತಲೆ ಎತ್ತಿಕೊಂಡು ನಿಂತಿದ್ದಾನೆ. ಅವಳು ಕಾಯಿಯನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಮಗ್ಗುಲಿಗೇ ಇಟ್ಟು, ‘ಇನ್ನೂ ನೀರು ಕುಲುಕ್ತೈತೆ’ ಅನ್ನುತ್ತಾಳೆ.

ನೋಡಿ, ಇಲ್ಲಿ ದುಃಖ ಅನ್ನುವ ಪದ ಬಂದಿಲ್ಲ. ಪಾತ್ರ ಬಂತು, ಜಾಗ ಬಂತು, ಮುಂದೆ ಏನಾಗುತ್ತದೋ ಅನ್ನುವ ಕುತೂಹಲವೂ ಬಂತು. ಮೂರೂ ಒಂದು ತೆಂಗಿನಕಾಯಿಯೊಳಗಿಂದ ಬಂದವು.

ಇಂಥ ವಿವರ ಮನೆಯಲ್ಲಿ ಕೂತರೆ ಸಿಗುವುದಿಲ್ಲ. ಹೋಗಿ ನೋಡಬೇಕು. ‘ಜೀವನ ಹೇಗಿದೆ’ ಅಂತ ಕೇಳಬೇಡಿ, ‘ಇದಕ್ಕೆ ಏನಂತೀರಿ, ಇದು ಆಯ್ತು ಅಂತ ಹೇಗೆ ಗೊತ್ತಾಗುತ್ತೆ’ ಅಂತ ಕೇಳಿ. ಜನ ಖುಷಿಯಿಂದ ಹೇಳುತ್ತಾರೆ. ಕೈಗೂ ಒಂದು ಕಾಯಿ ಕೊಡುತ್ತಾರೆ.

ಇಸವಿ ಬರೆದಿಟ್ಟುಕೊಳ್ಳಿ

ಕಥೆಯೊಳಗೆ ತಾರೀಕು ಹಾಕದಿದ್ದರೂ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ. ನಾನು 2024ರ ಮಾರ್ಚ್ ಇಟ್ಟುಕೊಂಡೆ. ಆ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ಕಡಿಮೆ ಇತ್ತು. ಹಾಗಾಗಿ ಕೇಂದ್ರದ ಪರವಾಗಿ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗೆ ಹೆಸರು ಬರೆಸಲು ರೈತರು ಮುಗಿಬಿದ್ದರು. ಲೋಕೇಶನ ಅವಸರಕ್ಕೆ ಈಗ ಗಟ್ಟಿ ಕಾರಣ ಸಿಕ್ಕಿತು. ನೋಂದಣಿ ಮುಗಿದರೆ ಆ ಬೆಲೆ ಇಲ್ಲ. ಮುಂದಿನ ವರ್ಷ, 2025ರಲ್ಲಿ, ತಿಪಟೂರಿನಲ್ಲಿ ಕೊಬ್ಬರಿ ಬೆಲೆ 20,000 ದಾಟಿತು. ಅದು ಲೋಕೇಶನಿಗೂ ಗೊತ್ತಿಲ್ಲ, ರಂಗಮ್ಮನಿಗೂ ಗೊತ್ತಿಲ್ಲ. ಓದುವವರಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಅವರು ಓದುವಾಗ ಇನ್ನೊಂದು ಸಂಕಟ ಸೇರಿಕೊಳ್ಳುತ್ತದೆ. ನಾವು ಆ ಬಗ್ಗೆ ಒಂದಕ್ಷರವೂ ಬರೆಯಬೇಕಿಲ್ಲ.

ದೃಶ್ಯಗಳನ್ನು ‘ಅದಕ್ಕೇ’ ಇಂದ ಜೋಡಿಸಿ

ಹಳೆಯ ಮದುವೆ ಕಾರ್ಡುಗಳ ಹಿಂಭಾಗ ಇದಕ್ಕೆ ಬಹಳ ಒಳ್ಳೆಯದು. ಒಂದು ಕಾರ್ಡಿಗೆ ಒಂದು ದೃಶ್ಯ, ಒಂದೇ ಸಾಲು. ಎಲ್ಲ ಬರೆದು ನೆಲದ ಮೇಲೆ ಹರಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬಾಯಲ್ಲಿ ‘ಆಮೇಲೆ’ ಬರುತ್ತದೋ, ‘ಅದಕ್ಕೇ’ ಅಥವಾ ‘ಆದ್ರೆ’ ಬರುತ್ತದೋ ಕೇಳಿಸಿಕೊಳ್ಳಿ. ಬರೀ ‘ಆಮೇಲೆ’ ಬಂದರೆ ಅಲ್ಲಿ ಗಂಟು ಬಿದ್ದಿಲ್ಲ.

ನನ್ನ ಕಾರ್ಡುಗಳು ಹೀಗಿದ್ದವು. ರಂಗಮ್ಮ ಕಾಯಿ ಒಣಗಿಲ್ಲ ಅಂತಾಳೆ. ಅದಕ್ಕೇ ಲೋಕೇಶ, ಒಣಗುವಷ್ಟರಲ್ಲಿ ಹೆಸರನ್ನಾದರೂ ಬರೆಸಿಡೋಣ ಅಂತ ತಿಪಟೂರಿಗೆ ಹೋಗುತ್ತಾನೆ. ಆದ್ರೆ ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಜಮೀನು ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆ ಆಗಬೇಕು, ಮರಣ ಪ್ರಮಾಣಪತ್ರ ಕೊಡಬೇಕು, ತಾಯಿಯ ಸಹಿ ಬೇಕು. ಅದಕ್ಕೇ ಅವನು ಕಾಗದ ತಂದು ಅವಳ ಮುಂದೆ ಇಡುತ್ತಾನೆ. ಆದ್ರೆ ಅವಳು ಕನ್ನಡಕ ಸಿಗುತ್ತಿಲ್ಲ ಅಂತಾಳೆ. ಅದಕ್ಕೇ ಅವನು ಕನ್ನಡಕ ಹುಡುಕುತ್ತಾ ಅಟ್ಟ ಹತ್ತುತ್ತಾನೆ.

ಪೌತಿ ಖಾತೆಯ ಕಾರ್ಡು ಮೊದಲು ನನ್ನ ಹತ್ತಿರ ಇರಲಿಲ್ಲ. ಹೆಸರು ಬರೆಸಲು ಏನೇನು ಕಾಗದ ಬೇಕು ಅಂತ ವಿಚಾರಿಸುವಾಗ ಸಿಕ್ಕಿತು. ಸಿಕ್ಕ ದಿನ ರಾತ್ರಿ ನಿದ್ದೆ ಬರಲಿಲ್ಲ. ಗಂಡ ಸತ್ತಿದ್ದಾನೆ ಅಂತ ರಂಗಮ್ಮ ಸಹಿ ಹಾಕಿ ಒಪ್ಪಬೇಕು! ಇದಕ್ಕಿಂತ ದೊಡ್ಡ ಅಡ್ಡಿಯನ್ನು ನಾನು ಕೂತು ಯೋಚಿಸಿದ್ದರೂ ಕಟ್ಟುತ್ತಿರಲಿಲ್ಲ. ಕಥೆ ಮುಂದೆ ಹೋಗದೆ ನಿಂತಾಗ ಅಪಘಾತ, ಕ್ಯಾನ್ಸರ್, ಲಾಟರಿ ತರಬೇಡಿ. ಆ ಊರಿನ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಮಂಡಿಯಲ್ಲಿ ಜನ ದಿನಾ ಯಾವುದಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ನೋಡಿ.

ಮಾತು ಬರೆಯುವಾಗ

ಇಬ್ಬರಿಗೂ ಮೊದಲೇ ಗೊತ್ತಿರುವುದನ್ನು ಅವರ ಬಾಯಲ್ಲಿ ಹೇಳಿಸಬೇಡಿ. ‘ಅಮ್ಮಾ, ಅಪ್ಪ ತೀರಿಹೋಗಿ ಒಂಬತ್ತು ತಿಂಗಳಾಯಿತು, ಕಾಯಿ ಏರಿಸಿ ಹನ್ನೊಂದು ತಿಂಗಳಾಯಿತು, ಈಗಲಾದರೂ ಇಳಿಸೋಣವೇ?’ ಅಂತ ಯಾವ ಮಗನೂ ಕೇಳುವುದಿಲ್ಲ. ಹೀಗಿದ್ದರೆ?

‘ಕಾಯಿ ಇಳಿಸಾನೇನವ್ವ?’

‘ಉಂಡ್ಯಾ?’

‘ಉಂಡೆ ಕಣವ್ವ. ಕಾಯಿ...’

‘ಮಜ್ಜಿಗೆ ಐತೆ ನೋಡು, ಕುಡ್ಕಂಡು ಮಲಕ್ಕೋ.’

ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಆದರೆ ಉತ್ತರ ಸಿಕ್ಕಿತು ಅಲ್ವಾ? ಇನ್ನೊಂದು ಮಾತು. ನಿಮ್ಮದಲ್ಲದ ಸೀಮೆಯ ಆಡುಮಾತನ್ನು ಬರೆಯುವಾಗ ಎರಡು ಮೂರು ಉಲಿ ಸಾಕು. ‘ಐತೆ’, ‘ಕಣವ್ವ’ ಇಷ್ಟರಲ್ಲೇ ಓದುಗರ ಕಿವಿ ಆ ಕಡೆ ತಿರುಗುತ್ತದೆ. ಅತಿಯಾದರೆ ಆ ಊರಿನವರಿಗೆ ಅಣಕದ ಹಾಗೆ ಕೇಳಿಸುತ್ತದೆ. ಬರೆದದ್ದನ್ನು ಅಲ್ಲಿಯವರೊಬ್ಬರಿಗೆ ಓದಿ ಹೇಳಿ, ಅವರ ಮುಖ ನೋಡಿ.

ಕೊನೆ

ಮೊದಲು ಹೊಳೆದ ಕೊನೆಯನ್ನು ಬರೆದಿಡಿ, ಆದರೆ ಅಲ್ಲೇ ನಿಲ್ಲಬೇಡಿ. ನನಗೆ ಮೊದಲು ಹೊಳೆದದ್ದು ಹೀಗೆ: ಲೋಕೇಶ ಅಟ್ಟದ ಮೇಲೆ ಕಾಯಿ ಅಲುಗಾಡಿಸುತ್ತಾನೆ, ಗಡಗಡ ಕೇಳುತ್ತದೆ, ಕೆಳಗಿಳಿದು ‘ಹೌದವ್ವ, ಇನ್ನೂ ನೀರೈತೆ’ ಅನ್ನುತ್ತಾನೆ. ಚೆನ್ನಾಗಿದೆ. ಆದರೆ ಹೀಗೆ ಮುಗಿಸಿದರೆ ಮಗ ಒಳ್ಳೆಯವನಾಗುತ್ತಾನೆ, ರಂಗಮ್ಮ ಇದ್ದ ಜಾಗದಲ್ಲೇ ಉಳಿಯುತ್ತಾಳೆ. ಕಥೆ ಶುರುವಾದದ್ದು ಅವಳ ಸುಳ್ಳಿನಿಂದ. ಕೊನೆಯಲ್ಲಿ ಕೈ ಆಡಬೇಕಾದದ್ದೂ ಅವಳದೇ.

ಮೂರನೆಯ ಸಲ ಬರೆದಾಗ ಇದು ಬಂತು. ಲೋಕೇಶ ಅಟ್ಟದಿಂದ ಇಳಿದು ಏನೂ ಹೇಳದೆ ಮಲಗುತ್ತಾನೆ. ಬೆಳಗಿನ ಬಸ್ಸಿಗೆ ಹೊರಟಾಗ ರಂಗಮ್ಮ ಅವನ ಬ್ಯಾಗಿಗೆ ರೊಟ್ಟಿಯ ಗಂಟಿನ ಜೊತೆ ಇನ್ನೇನೋ ತುರುಕುತ್ತಾಳೆ. ಬಸ್ಸು ಹಂಪ್ ಹಾರಿದಾಗ ಕಾಲ ಬಳಿಯ ಬ್ಯಾಗಿನೊಳಗೆ ಗಡಗಡ ಸದ್ದು. ಸಿಪ್ಪೆ ಸುಲಿದ, ಒಡೆಯದ ಒಂದು ಕಾಯಿ. ಪೌತಿ ಖಾತೆಯ ಕಾಗದಕ್ಕೆ ಅವಳು ಸಹಿ ಹಾಕಿದಳೋ ಇಲ್ಲವೋ ನಾನು ಬರೆಯಲಿಲ್ಲ.

ಇಷ್ಟಾದ ಮೇಲೆ ಹದಿನೈದು ದಿನ ಕಥೆಯನ್ನು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಗೆ ತೊಡರುವ ಕಡೆ ಪೆನ್ಸಿಲ್ ಗುರುತು ಹಾಕಿ. ಮೊದಲ ಪ್ಯಾರಾ ತೆಗೆದು ಎರಡನೆಯದರಿಂದ ಓದಿ ನೋಡಿ, ಏನೂ ಕಳೆದುಹೋಗಿಲ್ಲ ಅನ್ನಿಸಿದರೆ ಮೊದಲನೆಯದು ಬೇಡ. ನನ್ನ ಕಥೆಯಲ್ಲಿ ಮೊದಲ ಪ್ಯಾರಾ ತೆಂಗಿನ ತೋಟದ ವರ್ಣನೆಯಾಗಿತ್ತು. ಅದನ್ನು ತೆಗೆದೆ. ಈಗ ಕಥೆ ರಂಗಮ್ಮ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುವಲ್ಲಿ ಶುರುವಾಗುತ್ತದೆ.