ತಡಿಯಂಡಮೋಳ್‌ನ ಕೊನೆಯ ಏರು

ಮೊದಲ ಸಲ ಹೋದಾಗ ನಾನು ತಡಿಯಂಡಮೋಳ್ ಹತ್ತಲಿಲ್ಲ. ದೊಡ್ಡ ಬಂಡೆಯವರೆಗೆ ಹೋಗಿ, ಅದಕ್ಕೇ ಬೆನ್ನು ಕೊಟ್ಟು ಕೂತು, ಮೀನಖಂಡ ತಿಕ್ಕಿಕೊಂಡು ವಾಪಸ್ ಬಂದೆ. ಜೊತೆಗೆ ಬಂದಿದ್ದ ನಮ್ಮ ಶಾಲೆಯ ಇಬ್ಬರು ಚಿಕ್ಕ ವಯಸ್ಸಿನ ಮೇಷ್ಟ್ರುಗಳು ತುದಿ ಮುಟ್ಟಿ ಬಂದು ಫೋಟೊ ತೋರಿಸಿದರು. ಫೋಟೊದಲ್ಲಿ ಇದ್ದದ್ದು ಬರೀ ಮಂಜು. ಆವತ್ತಿಗೆ ನನಗೆ ಸಿಕ್ಕ ಸಮಾಧಾನ ಅದೊಂದೇ.

ನಾನು ಚಳ್ಳಕೆರೆ ಕಡೆಯವನು. ಬಯಲು ಸೀಮೆಯ ಕಾಲು. ನಮ್ಮ ಕಡೆ ಗುಡ್ಡ ಹತ್ತಬೇಕಾದರೆ ಮೇಲೊಂದು ದೇವರಿರಬೇಕು, ಇಲ್ಲವೇ ಮೇಕೆ ತಪ್ಪಿಸಿಕೊಂಡಿರಬೇಕು. ವರ್ಗವಾಗಿ ವಿರಾಜಪೇಟೆಗೆ ಬಂದಾಗ ನನಗೆ ನಲವತ್ತೆಂಟು ವರ್ಷ. ಸಮಾಜ ವಿಜ್ಞಾನ ಪಾಠ ಮಾಡುವವನು. ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್, ಎತ್ತರ 1748 ಮೀಟರ್ ಎಂದು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, 'ಸಾರ್, ನೀವು ಹತ್ತಿದ್ದೀರಾ?' ಎಂದು ಕೇಳಿದ. ಅವನು ಮೂರು ಸಲ ಹತ್ತಿದ್ದನಂತೆ. ಹೊರಟದ್ದು ಅದಕ್ಕೇ, ಪ್ರಕೃತಿ ಪ್ರೇಮ ಆಮೇಲಿನ ಮಾತು.

ಆ ಮೊದಲ ಸಲ ಏನಾಯಿತು ಅಂದರೆ, ನಾವು ಕಕ್ಕಬೆ ದಾಟಿ ನಾಲ್ಕುನಾಡು ಅರಮನೆ ಹತ್ತಿರ ಗಾಡಿ ನಿಲ್ಲಿಸುವಾಗಲೇ ಹತ್ತೂವರೆ. ದಾರಿಯಲ್ಲಿ ಪರೋಟ ತಿಂದು ಹೊಟ್ಟೆ ಭಾರ. ಅರಮನೆಯಿಂದ ಮೇಲಕ್ಕೆ ಕಾಫಿ ತೋಟಗಳ ನಡುವೆ ರಸ್ತೆ ಇದೆ. ರಸ್ತೆ ಎಂದ ಕೂಡಲೇ ನಾನು ಅದನ್ನು ಬೆಟ್ಟದ ಲೆಕ್ಕಕ್ಕೇ ಹಿಡಿಯಲಿಲ್ಲ. ಆ ಇಬ್ಬರು ಹುಡುಗ ಮೇಷ್ಟ್ರುಗಳ ಜೊತೆ ಮಾತಾಡಿಕೊಂಡು ಅವರ ವೇಗದಲ್ಲೇ ನಡೆದೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು, ಮಾತು ನಿಂತಿತ್ತು. ಅಲ್ಲಿಂದ ಮುಂದಿನ ಕಾಡು ದಾರಿ ಅಷ್ಟು ಕಷ್ಟವಿಲ್ಲ. ಹಾಗಾಗಿ ಸುಧಾರಿಸಿಕೊಂಡೆ ಅಂದುಕೊಂಡೆ. ಹುಲ್ಲುಗಾವಲಿಗೆ ಬಂದು ದೊಡ್ಡ ಬಂಡೆಯ ಪಕ್ಕ ನಿಂತು ತಲೆ ಎತ್ತಿದಾಗ ಎದುರಿಗೆ ಉಳಿದಿದ್ದದ್ದು ಒಂದು ಕಿಲೋಮೀಟರಿನ ಆಸುಪಾಸು ಮಾತ್ರ. ಆದರೆ ಅದು ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ ಎದ್ದು ನಿಂತಿತ್ತು. ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು.

ನಮ್ಮ ಮನೆ ಮಾಲೀಕರು ಸೇನೆಯಿಂದ ನಿವೃತ್ತರಾದ ಸುಬೇದಾರರು, ಎಪ್ಪತ್ತರ ಹತ್ತಿರದವರು. ನಾನು ಕುಂಟಿಕೊಂಡು ಗೇಟು ತೆಗೆಯುವುದನ್ನು ನೋಡಿ ಎಲ್ಲಾ ಕೇಳಿದರು. ಎಷ್ಟು ಗಂಟೆಗೆ ಹೊರಟದ್ದು, ಎಲ್ಲಿ ಮೊದಲು ಕೂತದ್ದು, ನೀರು ಎಷ್ಟು ಕುಡಿದದ್ದು. ಕೊನೆಗೆ, 'ಮೇಷ್ಟ್ರೇ, ನೀವು ಬೆಟ್ಟದಲ್ಲಿ ಸೋತದ್ದಲ್ಲ. ರಸ್ತೆಯಲ್ಲೇ ಖಾಲಿ ಆದದ್ದು' ಎಂದರು.

ಆಮೇಲೆ ಅವರು ಹೇಳಿಕೊಟ್ಟ ಲೆಕ್ಕ ಸುಲಭದ್ದು. ಹತ್ತುವಾಗ ಪಕ್ಕದವರ ಜೊತೆ ಒಂದು ಇಡೀ ವಾಕ್ಯ ಮಾತಾಡಲಿಕ್ಕೆ ಆಗಬೇಕು. ಮಧ್ಯದಲ್ಲಿ ಉಸಿರಿಗಾಗಿ ನಿಲ್ಲಿಸಬೇಕಾಯಿತು ಅಂದರೆ ಕಾಲು ಜಾಸ್ತಿ ಓಡುತ್ತಿದೆ ಎಂದು ಅರ್ಥ. ಒಬ್ಬನೇ ಇದ್ದರೆ? 'ಮಗ್ಗಿ ಹೇಳಿ, ಮೇಷ್ಟ್ರಲ್ವಾ.' ತಮಾಷೆಗೆ ಹೇಳಿದ್ದೋ ಏನೋ, ನಾನು ನಿಜಕ್ಕೂ ಹದಿನೇಳರ ಮಗ್ಗಿ ಹೇಳಿಕೊಂಡೇ ಅಭ್ಯಾಸ ಮಾಡಿದೆ.

ಅಭ್ಯಾಸಕ್ಕೆ ವಿರಾಜಪೇಟೆಯ ಮಲೆತಿರಿಕೆ ಬೆಟ್ಟವೇ ಸಾಕಾಯಿತು. ವಾರಕ್ಕೆ ಮೂರು ಬೆಳಿಗ್ಗೆಯಂತೆ ಆರು ವಾರ. ಮೊದಲೆರಡು ವಾರ ಹತ್ತುವುದರ ಮೇಲೇ ನನ್ನ ಗಮನ. ಸುಬೇದಾರರು ಅದನ್ನೂ ತಿದ್ದಿದರು. ಹತ್ತುವುದಕ್ಕೆ ಬೇಕಾದದ್ದು ಉಸಿರು, ಇಳಿಯುವುದಕ್ಕೆ ಬೇಕಾದದ್ದು ತೊಡೆ, ಅದನ್ನು ಇಳಿದೇ ಮಾಡಬೇಕು ಎಂದರು. ಇದರಲ್ಲಿ ನಿಜವಿದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದಕ್ಕೆ ಎಳೆಯುತ್ತಲೇ ಮೈಭಾರವನ್ನು ತಡೆಯಬೇಕು. ಒಂಥರಾ ಬ್ರೇಕಿನ ಕೆಲಸ. ಆ ಕೆಲಸ ರೂಢಿಯಿಲ್ಲದ ಸ್ನಾಯು ಆವತ್ತು ಸುಮ್ಮನಿದ್ದು, ಒಂದೆರಡು ದಿನ ಬಿಟ್ಟು ಸೇಡು ತೀರಿಸಿಕೊಳ್ಳುತ್ತದೆ. ಹಾಗಾಗಿ ಮೂರನೇ ವಾರದಿಂದ ನಿಧಾನಕ್ಕೆ, ಧಡಧಡ ಬೀಳದೆ, ಪ್ರತಿ ಹೆಜ್ಜೆಯಲ್ಲೂ ಮಂಡಿ ಸ್ವಲ್ಪ ಬಗ್ಗಿಸಿ ಇಳಿಯುವುದನ್ನು ಅಭ್ಯಾಸ ಮಾಡಿದೆ. ಬೆಳಗಿನ ಪೂಜೆಗೆ ಬರುತ್ತಿದ್ದ ಒಬ್ಬ ಅಜ್ಜಿ ನನಗೆ ಮಂಡಿನೋವು ಅಂದುಕೊಂಡು ಎಣ್ಣೆ ಹೇಳಿಕೊಟ್ಟರು.

ಎರಡನೇ ಸಲಕ್ಕೆ ಆರಿಸಿಕೊಂಡದ್ದು ಡಿಸೆಂಬರ್, ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬೆಟ್ಟದ ಮೇಲೆ ಮಳೆ ಅಂದರೆ ಮಳೆ, ಜೊತೆಗೆ ಜಿಗಣೆ. ಅದು ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದೇ ಕಾರಣ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಇಲಾಖೆಯವರು ಚಾರಣ ನಿಲ್ಲಿಸುವುದುಂಟು. ಏಪ್ರಿಲ್‌, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಬಂದರೆ ಬೋಳು ಹುಲ್ಲುಬೆಟ್ಟದ ಮೇಲೆ ಅತಿ ಎತ್ತರದ ವಸ್ತು ನಾವೇ ಆಗಿರುತ್ತೇವೆ. ಇವೆಲ್ಲ ಕಳೆದು ಉಳಿಯುವುದು ನವೆಂಬರ್‌ನಿಂದ ಜನವರಿ. ಚಾರಣದ ಚೀಟಿಯನ್ನು ಇಲಾಖೆಯ ಜಾಲತಾಣದಲ್ಲಿ ಮೊದಲೇ ತೆಗೆದಿಟ್ಟುಕೊಂಡೆ. ಒಬ್ಬನೇ ಹೋಗಬಾರದೆಂದು ಅದೇ ಇಬ್ಬರು ಹುಡುಗರಲ್ಲಿ ಸಾಧು ಸ್ವಭಾವದವನೊಬ್ಬನನ್ನು ಕರೆದುಕೊಂಡೆ.

ಅರಮನೆ ಹತ್ತಿರ ತಲುಪಿದಾಗ ಆರೂವರೆ. ಕೈಬೆರಳು ಮರಗಟ್ಟುವ ಚಳಿ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಎರಡಂತಸ್ತಿನ ಅರಮನೆ ಇದು. ಅರಮನೆ ಎಂಬ ಹೆಸರು ಕೇಳಿ ಮೈಸೂರನ್ನು ನೆನೆಸಿಕೊಂಡು ಬಂದವರಿಗೆ ಕೊಡವರ ದೊಡ್ಡ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ ಹಾಗೆ ಕಂಡೀತು. 1834ರಲ್ಲಿ ಬ್ರಿಟಿಷರ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಮಡಿಕೇರಿ ಬಿಟ್ಟು ಬಂದು ಸೇರಿಕೊಂಡದ್ದು ಇಲ್ಲಿಗೇ. ಪಾಠದಲ್ಲಿ ಈ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ಯಾಕೆ ಇಲ್ಲಿಗೇ ಎನ್ನುವುದು ಬೆನ್ನಿಗೆ ಕಾಡು, ಬೆಟ್ಟ ಹೊತ್ತು ನಿಂತ ಆ ಜಾಗದಲ್ಲಿ ತಲೆ ಎತ್ತಿ ನೋಡಿದ ಮೇಲೆ ಗೊತ್ತಾಯಿತು.

ಆರೂ ಮುಕ್ಕಾಲಿಗೆ ನಡೆಯಲು ಶುರು. ಈ ಸಲ ರಸ್ತೆಯನ್ನೇ ಬೆಟ್ಟ ಎಂದು ಭಾವಿಸಿದೆ. ಹೊರಡುವಾಗಲೇ ಸ್ವೆಟರ್ ಬಿಚ್ಚಿ ಚೀಲಕ್ಕೆ ಹಾಕಿದೆ. ಮೊದಲ ಹತ್ತು ನಿಮಿಷ ಚಳಿಯಾಗುತ್ತದೆ, ಆಗಲಿ. ಸ್ವೆಟರ್ ಹಾಕಿಕೊಂಡೇ ಹತ್ತಿದರೆ ಬೆವರಿಗೆ ಒಳಬಟ್ಟೆ ಒದ್ದೆಯಾಗಿ, ತುದಿಯ ಗಾಳಿಗೆ ಅದೇ ಐಸು ಆಗುತ್ತದೆ. ತೋಟಗಳಲ್ಲಿ ರೊಬಸ್ಟಾ ಹಣ್ಣಾಗುತ್ತಿತ್ತು, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಒಂದು ತಿರುವಿನಲ್ಲಿ ಆನೆ ಲದ್ದಿ. ಹುಡುಗ ಕೋಲಿನಿಂದ ತಿರುವಿ ನೋಡಿದ. ಒಣಗಿತ್ತು, ಹಿಂದಿನ ದಿನದ್ದಿರಬೇಕು. ಹಸಿಯಾಗಿ ಆವಿ ಏಳುತ್ತಿದ್ದರೆ ಅಲ್ಲಿಂದಲೇ ತಿರುಗುವುದು ಎಂದು ಮೊದಲೇ ಮಾತಾಗಿತ್ತು.

ಚೆಕ್‌ಪೋಸ್ಟಿನಲ್ಲಿ ಚೀಟಿ, ಗುರುತಿನ ಚೀಟಿ ತೋರಿಸಿ, ಚೀಲ ತೆಗೆದು ತೋರಿಸಿ ಮುಂದೆ ಹೋದೆವು. ಕಾಡಿನ ದಾರಿಯಲ್ಲಿ ಸಣ್ಣ ತೊರೆ ಸಿಗುತ್ತದೆ. ಈ ಕಡೆಯ ನೀರೆಲ್ಲ ಕಕ್ಕಬೆ ಹೊಳೆ ಸೇರಿ ಕಾವೇರಿಗೆ ಹೋಗುವಂಥದ್ದು. ಇಲ್ಲಿ ಬರೆಯುವಂಥದ್ದೇನೂ ಆಗಲಿಲ್ಲ, ನಡೆದೆವು ಅಷ್ಟೇ.

ಒಂಬತ್ತೂಕಾಲಿಗೆ ದೊಡ್ಡ ಬಂಡೆ. ಹಳೆಯ ವೈರಿಯನ್ನು ಮಾತಾಡಿಸುವ ಹಾಗೆ ಅದನ್ನು ಒಂದು ಸಲ ತಟ್ಟಿದೆ. ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ ಎನ್ನುವ ಎಳ್ಳಿನ ಚಟ್ನಿ, ಒಂದು ಕಿತ್ತಳೆ. ಹೊಟ್ಟೆ ತುಂಬ ತಿನ್ನಲಿಲ್ಲ, ಅರ್ಧ ತಿಂದು ಅರ್ಧ ವಾಪಸಿಗೆ ಇಟ್ಟೆ. ಓಆರ್‌ಎಸ್ ಬೆರೆಸಿದ ನೀರನ್ನು ಬಾಯಾರಿಕೆ ಆಗುವುದಕ್ಕೆ ಮೊದಲೇ ಗುಟುಕು ಗುಟುಕಾಗಿ ಕುಡಿಯುತ್ತಾ ಬಂದಿದ್ದೆ. ಹೋದ ಸಲ ಮೀನಖಂಡ ಹಿಡಿದದ್ದಕ್ಕೆ ಬೆವರಿನಲ್ಲಿ ಹೋದ ಉಪ್ಪು ಕಾರಣವೋ, ಅಭ್ಯಾಸವಿಲ್ಲದ ಕಾಲನ್ನು ಓಡಿಸಿದ್ದು ಕಾರಣವೋ, ಎರಡಕ್ಕೂ ಮದ್ದು ಮಾಡಿದ್ದೆ.

ಇನ್ನು ಆ ಕೊನೆಯ ಏರು. ನಾನು ಮಾಡಿದ್ದು ಹೀಗೆ. ಕಣ್ಣನ್ನು ತುದಿಯ ಮೇಲೆ ಇಡಲಿಲ್ಲ. ಮುಂದಿನ ನಾಲ್ಕು ಹೆಜ್ಜೆ ಎಲ್ಲಿ ಇಡುವುದು ಎಂಬುದಷ್ಟನ್ನೇ ನೋಡಿದೆ. ಹೆಜ್ಜೆ ಗಿಡ್ಡ. ಒಂದು ಕಲ್ಲಿಂದ ಇನ್ನೊಂದು ಎತ್ತರದ ಕಲ್ಲಿಗೆ ಕಾಲು ಚಾಚಿ ಹತ್ತಿದರೆ ಬೇಗ ಅನ್ನಿಸುತ್ತದೆ, ಆದರೆ ಪ್ರತಿಯೊಂದೂ ಒಂದೊಂದು ಬೈಠಕ್ ಹೊಡೆದ ಹಾಗೆ. ಅದರ ಬದಲು ನಡುವೆ ಸಣ್ಣ ಮೆಟ್ಟು ಹುಡುಕಿ ಎರಡು ಹೆಜ್ಜೆಯಲ್ಲಿ ಹತ್ತಿದೆ. ಪಾದ ಪೂರ್ತಿ ನೆಲಕ್ಕೆ ತಾಗುವ ಹಾಗೆ ಇಡಬೇಕು, ತುದಿಗಾಲಲ್ಲಿ ಹತ್ತಿದರೆ ಮೀನಖಂಡವೇ ಎಲ್ಲಾ ಭಾರ ಹೊರುತ್ತದೆ. ತೀರಾ ಕಡಿದಾದ ಕಡೆ ಸುಬೇದಾರರು ಹೇಳಿಕೊಟ್ಟ ಉಪಾಯ: ಹಿಂದಿನ ಕಾಲನ್ನು ನೆಟ್ಟಗೆ ಮಾಡಿ ಒಂದು ಉಸಿರಿನಷ್ಟು ಹೊತ್ತು ಅದರ ಮೇಲೇ ನಿಲ್ಲುವುದು. ಆಗ ಭಾರ ಮೂಳೆಯ ಮೇಲೆ ಬಿದ್ದು ಸ್ನಾಯುವಿಗೆ ಕ್ಷಣದ ರಜೆ ಸಿಗುತ್ತದೆ. ಕ್ಷಣವೇ ಆದರೂ ಸಾವಿರ ಹೆಜ್ಜೆಗೆ ಸಾವಿರ ಕ್ಷಣ.

ನೇರ ಹತ್ತಿದ ಹಳೆಯ ಜಾಡುಗಳಲ್ಲಿ ಮಣ್ಣು ಸವೆದು ಜಲ್ಲಿ ಎದ್ದಿದೆ. ಹಾಗೆಂದು ದಾರಿ ಬಿಟ್ಟು ಹುಲ್ಲಿನ ಮೇಲೆ ಅಡ್ಡಾಡಿದರೆ ಇನ್ನೊಂದು ಜಾಡು ಹುಟ್ಟಿ, ಮಳೆಗಾಲದಲ್ಲಿ ಅದೂ ಚರಂಡಿಯಾಗುತ್ತದೆ. ಹಾಗಾಗಿ ಇದ್ದ ಜಾಡಿನ ಅಗಲದೊಳಗೇ ಎಡ, ಬಲ ಓರೆಯಾಗಿ ಹೋದೆ. ಮಧ್ಯೆ ಶೋಲಾ ಕಾಡಿನ ಒಂದು ತುಂಡು ಸಿಗುತ್ತದೆ. ಬೆಟ್ಟದ ಮಡಿಕೆಯಲ್ಲಿ, ನೀರು ಮಣ್ಣು ನಿಲ್ಲುವ ಕಡೆ ಮಾತ್ರ ಈ ಗಿಡ್ಡ ಮರಗಳು. ಗಾಳಿ ಬಡಿಯುವ ಬೆನ್ನಿನ ಮೇಲೆ ಹುಲ್ಲು. ಒಳಗೆ ಹೋದ ಕೂಡಲೇ ಗಾಳಿಯ ಸದ್ದು ನಿಂತು, ನನ್ನ ಉಸಿರು ನನಗೇ ಕೇಳಿಸಿತು. ಮಗ್ಗಿ ತಪ್ಪಿತ್ತು. ಹದಿನೇಳೇಳ್ಳ ನೂರಾ ಹತ್ತೊಂಬತ್ತು ಹೇಳಲು ಎರಡು ಉಸಿರು ಬೇಕಾಯಿತು. ನಿಂತೆ. ಹುಡುಗ ಪಾಪ ಏನೂ ಅನ್ನಲಿಲ್ಲ.

ಹತ್ತೂ ಇಪ್ಪತ್ತಕ್ಕೆ ತುದಿ. ಸುತ್ತ ಬೋಳು ಹುಲ್ಲು, ಕಿವಿ ಹಾರಿಸುವ ಗಾಳಿ. ಮೊದಲು ಸ್ವೆಟರ್, ಆಮೇಲೆ ನೋಟ. ಪೂರ್ವಕ್ಕೆ ಕೊಡಗು, ತೋಟಗಳ ಕಪ್ಪು ಹಸಿರು, ನಡುನಡುವೆ ಕೊಯ್ಲಾದ ಗದ್ದೆಗಳ ಹಳದಿ ಪಟ್ಟೆ. ಪಶ್ಚಿಮಕ್ಕೆ ಕೇರಳದ ಕಡೆ ನೆಲ ಮಡಿಕೆ ಮಡಿಕೆಯಾಗಿ ಕುಸಿಯುತ್ತಾ ಹೋಗಿ ಮಬ್ಬಿನಲ್ಲಿ ಕರಗುತ್ತದೆ. ತಿಳಿಯಾದ ದಿನ ಸಮುದ್ರ ಕಾಣುತ್ತದೆ ಅನ್ನುತ್ತಾರೆ. ನನಗೆ ಕಂಡದ್ದು ಒಂದು ಬೂದು ಗೆರೆ, ಸಮುದ್ರವೋ ಮೋಡವೋ ಎಂದು ನಾವಿಬ್ಬರೂ ಹತ್ತು ನಿಮಿಷ ವಾದ ಮಾಡಿದೆವು. ಪಕ್ಕದಲ್ಲಿ ಬೆಂಗಳೂರಿನ ಗುಂಪೊಂದು ಸ್ಪೀಕರ್ ಹಾಕಿ ಕುಣಿಯುತ್ತಿತ್ತು. ಅಷ್ಟು ದೂರ ಹೊತ್ತು ತಂದದ್ದು ಅದನ್ನಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಅರ್ಧ ಗಂಟೆಗೇ ಎದ್ದೆವು.

ಇಳಿಯುವ ಮೊದಲು ಶೂ ಬಿಚ್ಚಿ ಲೇಸ್ ಮತ್ತೆ ಕಟ್ಟಿದೆ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿಯಾಗಿ. ಸಡಿಲವಿದ್ದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳುಗಳು ಶೂವಿನ ಮೂತಿಗೆ ಗುದ್ದುತ್ತವೆ. ಮೊದಲ ಸಲ ಹೆಬ್ಬೆರಳಿನ ಉಗುರು ಕಪ್ಪಾಗಿ ಮೂರು ತಿಂಗಳು ನೆನಪು ಮಾಡಿಕೊಟ್ಟಿತ್ತು. ಈ ಸಲ ಉಗುರನ್ನೂ ಕತ್ತರಿಸಿಕೊಂಡು ಬಂದಿದ್ದೆ. ಕೈಯಲ್ಲಿ ಸುಬೇದಾರರ ಕಾಫಿ ಗಿಡದ ಕೋಲು. ಹತ್ತುವಾಗ ಅಷ್ಟೇನೂ ಬೇಕಾಗದ ಕೋಲು ಇಳಿಯುವಾಗ ಮೂರನೇ ಕಾಲು. ಮೊದಲು ಕೋಲು ಕೆಳಗೆ ಊರಿ, ಆಮೇಲೆ ಹೆಜ್ಜೆ.

ಒಣಹುಲ್ಲು ಜಾರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮಳೆಯಲ್ಲಿ ಮಾತ್ರ ಜಾರುವುದು ಎಂದುಕೊಂಡಿದ್ದೆ. ಡಿಸೆಂಬರಿನ ಹುಲ್ಲು ಇಳಿಜಾರಿನ ದಿಕ್ಕಿಗೇ ಮಲಗಿರುತ್ತದೆ, ಅದರ ಮೇಲೆ ಕಾಲಿಟ್ಟರೆ ಮೆದೆಯ ಮೇಲಿಂದ ಜಾರಿದ ಹಾಗೆ. ಒಂದು ಸಲ ಪೃಷ್ಠದ ಮೇಲೆ ಕೂತೇಬಿಟ್ಟೆ. ಹಿಂದಕ್ಕೆ ಒರಗಿದ್ದೇ ತಪ್ಪಾಗಿತ್ತು. ಭಯಕ್ಕೆ ಮೈ ತಾನಾಗಿ ಬೆಟ್ಟದ ಕಡೆಗೆ ವಾಲುತ್ತದೆ, ಆಗ ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿ ಜಾರುತ್ತದೆ. ಮಂಡಿ ಬಗ್ಗಿಸಿ, ಸ್ವಲ್ಪ ಮುಂದಕ್ಕೇ ಇದ್ದರೆ ಪಾದ ಪೂರ್ತಿ ಹಿಡಿಯುತ್ತದೆ. ತಲೆ ಒಪ್ಪಿದರೂ ಕಾಲು ಒಪ್ಪಲು ಹೊತ್ತು ಬೇಕಾಯಿತು. ಜಲ್ಲಿ ಇದ್ದ ಕಡೆ ಅಡ್ಡಲಾಗಿ ತಿರುಗಿ ಒಂದೊಂದೇ ಹೆಜ್ಜೆ. ಮೇಲೆ ಹತ್ತುತ್ತಿದ್ದ ಒಂದು ಪುಟ್ಟ ಹುಡುಗಿ ನನ್ನನ್ನು ನೋಡಿ ಅಪ್ಪನ ಹತ್ತಿರ, 'ಏಡಿ' ಎಂದಳು.

ಬಂಡೆಗೆ ಬರುವಾಗ ಹನ್ನೊಂದೂ ಐವತ್ತು. ಅರಮನೆಗೆ ಒಂದೂವರೆ. ಮಾರನೆಯ ದಿನ ಏನೂ ಆಗಲಿಲ್ಲ. ಮೂರನೆಯ ದಿನ ಶಾಲೆಯ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡೆ, ಆದರೆ ಹೋದ ಸಲದ ಹಾಗೆ ರಜೆ ಹಾಕಲಿಲ್ಲ. ಹಿಂದಿನ ಬೆಂಚಿನವನಿಗೆ ಫೋಟೊ ತೋರಿಸಿದೆ. ಅದರಲ್ಲಿ ಮಂಜಿರಲಿಲ್ಲ.

ಸಂಜೆ ಕೋಲು ವಾಪಸ್ ಕೊಡಲು ಹೋದಾಗ ಸುಬೇದಾರರು ನೋಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

'ಹತ್ತಲಿಕ್ಕೆ ಎಷ್ಟು ಹೊತ್ತು?'

'ಮೂರೂವರೆ ಗಂಟೆಯ ಮೇಲೆ ಐದು ನಿಮಿಷ.'

'ಇಳಿಯಲಿಕ್ಕೆ?'

'ಎರಡೂ ನಲವತ್ತು.'

'ಬಿದ್ದದ್ದು ಎಷ್ಟು ಸಲ?'

ಒಂದು ಸಲ ಎಂದೆ. ಕೋಲಿನ ತುದಿಯನ್ನು ಬೆರಳಲ್ಲಿ ಸವರಿ ನೋಡಿ, 'ಇದನ್ನು ನೀವೇ ಇಟ್ಟುಕೊಳ್ಳಿ ಮೇಷ್ಟ್ರೇ. ಮಳೆ ಬಿಟ್ಟ ಮೇಲೆ ಕೋಟೆಬೆಟ್ಟ ಉಂಟು' ಎಂದರು.